ತಮಿಳು ಓದಲು ಬಾರದ ಅಧ್ಯಕ್ಷೆ

ಚೆನ್ನೈ
19 ನವೆಂಬರ್ 2006

ಪ್ರೀತಿಯ ಜಯಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಎರಡು ಸಲ ಕೂತೆ. ಎರಡು ಸಲವೂ ನಿನ್ನ ಮೊಣಕಾಲು ನೋವನ್ನು ವಿಚಾರಿಸಿ ಅಲ್ಲಿಗೇ ನಿಲ್ಲಿಸಿದೆ. ಕೋಪಿಸಿಕೊಳ್ಳಬೇಡ. ಶ್ರೀನಾಥನಿಗೆ ಹೆಣ್ಣು ಗೊತ್ತಾದದ್ದು ಕೇಳಿ ಬಹಳ ಸಂತೋಷವಾಯಿತು. ಹುಡುಗಿ ಪುಸ್ತಕ ಓದುವವಳಂತೆ. ಇನ್ನು ನಿನಗೆ ಮನೆಯಲ್ಲೇ ಜೊತೆ ಸಿಕ್ಕಿತು.

ನಿನ್ನ ಕಾಲೇಜಿನ ಹುಡುಗಿಯರ ಮುಂದೆ ನಾನು ಮಾತಾಡಬೇಕು, ಮೋಸಹೋದ ಹೆಂಗಸೊಬ್ಬಳು ತಲೆಯೆತ್ತಿ ಮರಳಿದ್ದನ್ನು ಹೇಳಬೇಕು, ಶಾಲು ಹೊದಿಸುತ್ತೇವೆ ಎಂದು ಬರೆದಿದ್ದೀಯ. ಬರಲಾರೆ ಜಯಾ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಬರೆದರಾದರೂ ನನ್ನ ಮುಖ ನನಗೆ ಕಾಣುತ್ತದೋ ಏನೋ.

ಹತ್ತು ವರ್ಷದ ಹಿಂದೆ, ವೇಲಚೇರಿಯಾಚೆಯ ನಮ್ಮ ಈ ಪಟ್ಟಣ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಇವರು ಹೋಟೆಲಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಹೆಸರು ನಿನ್ನದು, ಕೆಲಸ ನಂದು. ನೀನು ಸೈನ್ ಹಾಕಿದ್ರೆ ಸಾಕು ಮಾರಾಯ್ತಿ."

ಗೆದ್ದೆ. ತಮಿಳು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಪ್ರತಿ ಸಂಜೆ ನಮ್ಮ ಹೋಟೆಲಿನ ಮ್ಯಾನೇಜರ್ ಸುಬ್ರಾಯರು ಕಚೇರಿಯ ಕಾಗದಗಳನ್ನು ಮನೆಗೆ ತಂದು ಓದಿ ಅರ್ಥ ಹೇಳುತ್ತಿದ್ದರು. ನಾನು ಕನ್ನಡದಲ್ಲಿ ಸಹಿ ಹಾಕುತ್ತಿದ್ದೆ. ಪಟ್ಟಣದಲ್ಲಿ ಅದೊಂದು ತಮಾಷೆಯೇ ಆಗಿಹೋಯಿತು.

2000ದಲ್ಲಿ ಹಾಗೆ ಸಹಿಯಾದ ಒಂದು ಕಾಗದ ಕೆರೆಯಂಚಿನ ಸರ್ಕಾರಿ ಜಾಗವನ್ನು ಬಿಲ್ಡರೊಬ್ಬರಿಗೆ ಬಿಟ್ಟುಕೊಟ್ಟಿತು. ಆ ಬಿಲ್ಡರ್ ಇವರ ಸ್ನೇಹಿತರು. ಮುಂದಿನದನ್ನು ನೀನು ಪತ್ರಿಕೆಗಳಲ್ಲಿ ಓದಿದ್ದೀಯ. ಹನ್ನೊಂದು ದಿನ ಜೈಲಿನಲ್ಲಿದ್ದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಫೋಟೋ ಬಂತು. ಕೋರ್ಟಿನಲ್ಲಿ ನಾನು, "ಚರಂಡಿ ರಿಪೇರಿಯ ಕಾಗದ ಅಂತ ಸುಬ್ರಾಯರು ಓದಿ ಹೇಳಿದರು, ನಂಬಿದೆ" ಎಂದೆ. ನೀನು ಮೈಸೂರಿನಿಂದ ಜ್ವರದಲ್ಲೇ ರೈಲು ಹತ್ತಿ ಬಂದು, "ನನ್ನ ಗೆಳತಿಗೆ ತಮಿಳಿನ ಒಂದಕ್ಷರವೂ ಬಾರದು" ಎಂದು ಸಾಕ್ಷಿ ಹೇಳಿದೆ. ನನ್ನನ್ನು ಬಿಟ್ಟರು. ಸುಬ್ರಾಯರಿಗೆ ಹದಿನೆಂಟು ತಿಂಗಳು ಶಿಕ್ಷೆಯಾಯಿತು. ಇವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ.

ಈ ಸಲದ ಚುನಾವಣೆಗೆ ಇವರು ಬೇರೆ ಘೋಷಣೆ ಹುಡುಕಲಿಲ್ಲ. ಮೋಸಹೋದ ತಾಯಿ, ಅಷ್ಟೇ. ಗೋಡೆಗೋಡೆಯಲ್ಲೂ ಅದನ್ನೇ ಬರೆಸಿದರು. ಕೆರೆಯ ಕೆಳಗಿನ ಕೇರಿಗೆ ಹೋದಾಗ ಹೆಂಗಸರು ಬಾಗಿಲು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಕಳೆದ ವರ್ಷದ ಮಳೆಯಲ್ಲಿ ಸೊಂಟದವರೆಗೆ ನೀರು ನುಗ್ಗಿದ ಮನೆಗಳು ಅವು. ಕೆರೆಯಂಚು ಮುಚ್ಚಿಹೋದ ಮೇಲೆ ನೀರಿಗೆ ಬೇರೆ ದಾರಿಯೆಲ್ಲಿ? ಒಬ್ಬಾಕೆ ನನ್ನ ಕೆನ್ನೆ ಸವರಿ, "ಪಾವಂ ಅಮ್ಮಾ ನೀಂಗ, ಪಡಿಕ್ಕ ತೆರಿಯಾದವಂಗಳ ಏಮಾತ್ತಿಟ್ಟಾಂಗಳೇ" ಎಂದಳು. ಪಾಪ, ಓದಲು ಬಾರದವಳನ್ನು ವಂಚಿಸಿಬಿಟ್ಟರಲ್ಲ ಎಂದು. ಪಕ್ಕದ ಮುದುಕಿ ಬಿಡಲಿಲ್ಲ: "ಇನಿಮೇಲಾವದು ಪಡಿಚ್ಚುಕ್ಕೋ ಕಣ್ಣು!" ಇನ್ನಾದರೂ ಕಲಿತುಕೋ ಮಗಳೇ ಅಂತ. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅವರ ಗೋಡೆಯ ಮೇಲೆ ಹೋದ ವರ್ಷದ ನೀರಿನ ಗೆರೆ ಇನ್ನೂ ಇತ್ತು.

ತಮಿಳಿನ ಪ್ರಮಾಣವಚನವನ್ನು ಇವರು ಕನ್ನಡ ಲಿಪಿಯಲ್ಲಿ ಬರೆಸಿಕೊಟ್ಟಿದ್ದರು. ತಡವರಿಸಿ ಓದಿದೆ. ತಡವರಿಸಿದಷ್ಟೂ ಚಪ್ಪಾಳೆ ಬಿತ್ತು.

ನಿನ್ನೆ ಸುಬ್ರಾಯರನ್ನು ನೋಡಿಬಂದೆ. ಗಿಂಡಿಯಲ್ಲಿ, ಕಾರ್ಖಾನೆಗಳ ನಡುವಿನ ಒಂದು ಚಿಕ್ಕ ಮೆಸ್ಸಿನಲ್ಲಿ ಕಾಫಿ ಮಾಡುತ್ತಿದ್ದಾರೆ. ನನ್ನನ್ನು ಕಂಡು ಕೈ ಒರೆಸಿಕೊಳ್ಳುತ್ತ ಓಡಿಬಂದರು.

"ಎಂತ ಅಮ್ಮ, ಅಧ್ಯಕ್ಷರು ಇಲ್ಲಿಗೆಲ್ಲ ಬರ್ಲಿಕ್ಕುಂಟಾ? ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ದೆ."

"ಹೇಗಿದ್ದೀರಿ ಸುಬ್ರಾಯರೇ?"

"ನಂದೆಂತ, ನಡೀತದೆ. ಇಲ್ಲಿ ಓದ್ಲಿಕ್ಕೆ ಕಾಗದ ಇಲ್ಲ, ಬದುಕಿದೆ!" ಎಂದು ನಕ್ಕರು. ಆಮೇಲೆ ಎದುರಿಗೆ ಕೂತು, ಮೇಜು ನೋಡುತ್ತ ಹೇಳಿದರು: "ಒಂದು ಮಾತು ಹೇಳ್ಬೇಕು ಅಂತ ಇತ್ತು ಅಮ್ಮ. ದಿನಕ್ಕೆ ಮೂವತ್ತು ಕಾಗದ ಓದ್ತಿದ್ದೆ. ಆ ಕಾಗದ ಯಾವುದು ಅಂತ ನಂಗೆ ನೆನಪೇ ಇಲ್ಲ. ಹೋಟೆಲಿನ ಅವಸರದಲ್ಲಿ ಏನೋ ಒಂದು ಹೇಳಿರ್ಬೇಕು. ನನ್ನಿಂದಾಗಿ ನೀವು ಹನ್ನೊಂದು ದಿನ ಅಲ್ಲಿ... ಕ್ಷಮಿಸ್ಬೇಕು ಅಮ್ಮ."

ಅಲ್ಲಿಂದ ಮನೆಗೆ ಹೇಗೆ ಬಂದೆನೋ ತಿಳಿಯದು. ಇಂಥವಳನ್ನು ನಿನ್ನ ಹುಡುಗಿಯರ ಮುಂದೆ ನಿಲ್ಲಿಸಬೇಡ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಕವಿತೆ ಓದುತ್ತಿದ್ದಾಗ, ಸುಳ್ಳು ಸಾಲು ಬಂದರೆ ಕಿವಿಗೇ ಗೊತ್ತಾಗುತ್ತದೆ ಎನ್ನುತ್ತಿದ್ದೆಯಲ್ಲ. ಕೋರ್ಟಿನಲ್ಲಿ ನಿನ್ನ ಕಿವಿಗೆ ಹೇಗೆ ಗೊತ್ತಾಗಲಿಲ್ಲ ಜಯಾ?

ಶ್ರೀನಾಥನಿಗೂ ಅವನ ಹುಡುಗಿಗೂ ನನ್ನ ಮನಸಾರೆ ಆಶೀರ್ವಾದ. ಇಬ್ಬರೂ ಒಬ್ಬರಿಗೊಬ್ಬರು ನಿಜ ಹೇಳಿಕೊಂಡು ನೂರ್ಕಾಲ ಬಾಳಲಿ. ನಿನ್ನ ಕಾಲು ಬೇಗ ವಾಸಿಯಾಗಲಿ.

ನಿನ್ನ
ಲೀಲಾ

ತಾ.ಕ.: ಇಷ್ಟು ಬರೆದೂ ಹೇಳಬೇಕಾದ್ದನ್ನು ಹೇಳಲಿಲ್ಲ. 1998ರಲ್ಲಿ ನಮ್ಮ ಪ್ರಣಮ್ಯಾ ಶಾಲೆಯ ಸಂಚಿಕೆಯಲ್ಲಿ ತಮಿಳಿನಲ್ಲಿ ಒಂದು ಪದ್ಯ ಬರೆದಿದ್ದಳು. ಮಗಳ ಪದ್ಯವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಲು ಮನಸ್ಸಾಗದೆ, ಅವಳ ಒಂದನೇ ತರಗತಿಯ ಪುಸ್ತಕ ಹುಡುಕಿ ತೆಗೆದು, ಬಸ್ಸಿನ ಬೋರ್ಡುಗಳನ್ನು ಕೂಡಿಸಿ ಕೂಡಿಸಿ, ಆರು ತಿಂಗಳಲ್ಲಿ ಅಕ್ಷರ ಕಲಿತೆ. ತಪ್ಪು ಓದಿದರೆ ನಗುತ್ತಾರೆಂದು ಯಾರಿಗೂ ಹೇಳಲಿಲ್ಲ. ಕೆರೆಯ ಕಾಗದ ಬಂದ ಸಂಜೆ ಹೋಟೆಲಿನಲ್ಲಿ ಜನ ಜಾಸ್ತಿ. ಸುಬ್ರಾಯರು ಕಟ್ಟನ್ನು ಮೇಜಿನ ಮೇಲಿಟ್ಟು ಓಡಿದರು. ಅವರು ಅದನ್ನು ಓದಲೇ ಇಲ್ಲ. ಓದಿದವಳು ನಾನು, ಎರಡು ಸಲ. ಇವರು ಪೆನ್ನು ಚಾಚಿ ನಿಂತಿದ್ದರು. ಓದಿದೆ ಎಂದರೆ ಬೇಡ ಎನ್ನಬೇಕಾಗುತ್ತಿತ್ತು. ಸಹಿ ಹಾಕಿದೆ.

ನಿನ್ನೆ ಸುಬ್ರಾಯರಿಗೆ ನಾನು ಕೊಟ್ಟ ಉತ್ತರವನ್ನೂ ಬರೆಯಲಿಲ್ಲ. "ಹೋಗಲಿ ಬಿಡಿ, ನಾನು ಯಾವತ್ತೋ ಕ್ಷಮಿಸಿದ್ದೀನಿ" ಎಂದೆ. ಅವರು ಕಣ್ಣೊರೆಸಿಕೊಂಡು ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟರು. ಕುಡಿದೆ.