ಹನ್ನೆರಡು ಗಂಟೆ ನಿಲ್ಲುವ ಹೊಗೆ

ಮಾರ್ಚ್ 3, ಸೋಮವಾರ. ಮಧ್ಯಾಹ್ನ, ಸ್ಟಾಕ್ ರೂಮು

ಬ್ರಷ್‌ಗಳನ್ನೆಲ್ಲ ತೊಳೆದು ತಲೆಕೆಳಗಾಗಿ ನೇತುಹಾಕಿದೆ. ಬೆಳಗ್ಗೆಯಿಂದ ಮೂವರು ಗಿರಾಕಿಗಳು, ಮೂವರಿಗೂ ಸ್ಮೋಕಿ ಐ, ರೆಪ್ಪೆಯ ಮೇಲೆ ಹೊಗೆ ಕವಿದಂಥ ಕಪ್ಪು. ಮೂರನೆಯವಳು ಬಿಟ್ಟ ಗಂಡನೂ ಬರುವ ಯಾವುದೋ ಪಾರ್ಟಿಗೆ ಹೊರಟವಳು. "ಸಂಜೆ ಪೂರ್ತಿ ನಿಲ್ಲಬೇಕು. ಅವನು ಎದ್ದು ಹೋದ್ಮೇಲೂ ಇರ್ಬೇಕು" ಎಂದಳು. ಇಂಥವರಿಗೆ ಮಾಡುವುದೆಂದರೆ ನನಗೆ ಖುಷಿ. ಹನ್ನೆರಡು ಗಂಟೆ ಗ್ಯಾರಂಟಿ ಎಂದೆ.

ನೋಟ್‌ಬುಕ್ಕು ಪಕ್ಕದಲ್ಲೇ ನಿಂತಿದ್ದಳು. ಹೊಸ ಹುಡುಗಿ, ಇಪ್ಪತ್ತಮೂರು ವರ್ಷ, ನಮ್ಮ ಅಂಗಡಿಯ ಮೇಕಪ್ ಕೌಂಟರಿಗೆ ಬಂದು ಐದು ತಿಂಗಳು. ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದರಿಂದ ಮಹಡಿಗೆಲ್ಲ ಅದೇ ಹೆಸರು. ನಾನೇ ಕಲಿಸುತ್ತಿರುವುದು. ಬರೆದದ್ದನ್ನು ಒಪ್ಪಿಸಿದಳು: "ರೆಪ್ಪೆ ಒರೆಸ್ಬೇಕು. ಬಣ್ಣ ಹಿಡಿದಿಡೋ ಪ್ರೈಮರ್ ಒಂದೇ ಚುಕ್ಕಿ, ಒಣಗೋವರೆಗೂ ನೋಟ ಕೆಳಗೆ. ಪೆನ್ಸಿಲ್ ಗೀಚಿದ ತಕ್ಷಣ ಸವರ್ಬೇಕು, ತಡ ಮಾಡಿದ್ರೆ ಕಚ್ಕೊಂಡುಬಿಡುತ್ತೆ. ಮೇಲೆ ಅದೇ ಬಣ್ಣದ ಪುಡಿ ಒತ್ತಬೇಕು, ಉಜ್ಜಬಾರ್ದು. ಸರಿನಾ ಅಕ್ಕಾ?"

"ಸರಿ. ಅಂಚು ಎಲ್ಲಿ ಮುಗೀತು ಅಂತ ಗೊತ್ತಾಗಬಾರ್ದು. ಗೊತ್ತಾದ್ರೆ ಅದು ಹೊಗೆ ಅಲ್ಲ ಕಣೇ, ಮಸಿ."

ಅದನ್ನೂ ಬರೆದುಕೊಂಡಳು.

ಮಾರ್ಚ್ 6, ಗುರುವಾರ. ಸಂಜೆ

ಫ್ಲೋರ್ ಮ್ಯಾನೇಜರ್ ಕರೆಸಿದರು. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡುವ ಮನುಷ್ಯ.

"ಮೇಡಂ, ನಿಮ್ಮ ಅನುಭವ ನಮಗೆ ಆಸ್ತಿ ಇದ್ದ ಹಾಗೆ."

ಸರಿ ಎಂದೆ.

"ಆಸ್ತೀನ ಯಾರಾದ್ರೂ ಬಾಗಿಲ ಮುಂದೆ ಇಡ್ತಾರಾ? ಒಳಗೆ ಜೋಪಾನ ಮಾಡ್ತಾರೆ."

ಏಪ್ರಿಲ್ ಒಂದರಿಂದ ನಾನು ಸ್ಟಾಕ್ ರೂಮಿಗೆ. ಕೌಂಟರಿನ ಮುಂದಿನ ಕುರ್ಚಿ ನೋಟ್‌ಬುಕ್ಕಿಗೆ. ಗಿರಾಕಿಗಳು ಈಗ 'ಫ್ರೆಶ್ ಫೇಸ್' ಕೇಳುತ್ತಾರಂತೆ. ನನ್ನ ಕೆಲಸ, ಡಬ್ಬಿಗಳ ಎಕ್ಸ್‌ಪೈರಿ ಡೇಟ್ ನೋಡುವುದು. ಎಕ್ಸ್‌ಪೈರಿ ಆದವಳಿಗೆ ಎಕ್ಸ್‌ಪೈರಿ ನೋಡುವ ಕೆಲಸ. ಹೊಂದಾಣಿಕೆ ಚೆನ್ನಾಗಿದೆ.

ಹೊರಗೆ ಬಂದರೆ ಹೆಡ್‌ಮಿಸ್ ಕಾಯುತ್ತಿದ್ದರು. ಹನ್ನೆರಡು ವರ್ಷದಿಂದ ನನ್ನ ಗಿರಾಕಿ, ಶಾಲೆಯ ವಾರ್ಷಿಕೋತ್ಸವಕ್ಕೆ ತಪ್ಪದೆ ಬರುತ್ತಾರೆ. ಒಣ ರೆಪ್ಪೆ, ಡಾಕ್ಟರು ಕೊಟ್ಟ ಮುಲಾಮನ್ನು ಎರಡು ಹೊತ್ತು ಹಚ್ಚುತ್ತಾರೆ. ನೋಡಿದರೆ ಗೊತ್ತಾಗುವುದಿಲ್ಲ, ಬೆರಳಿಗೂ ಹತ್ತುವುದಿಲ್ಲ, ಆದರೆ ಒಳಗೆ ಎಣ್ಣೆ ಕೂತಿರುತ್ತದೆ, ಮೇಲೆ ಹಚ್ಚಿದ ಬಣ್ಣ ನಿಲ್ಲುವುದಿಲ್ಲ. ಒಣ ಟಿಶ್ಯೂಗೆ ಬಗ್ಗುವುದಿಲ್ಲ. ಮೇಕಪ್ ತೆಗೆಯುವ ನೀರಿನಲ್ಲಿ ಎರಡು ಸಲ ಒರೆಸಬೇಕು. ಅವರು ಬಂದು ಕಣ್ಣು ಮುಚ್ಚಿ ಕೂರುತ್ತಾರೆ, ನಾನು ಒರೆಸುತ್ತೇನೆ. ಅವರಿಗೆ ಹೇಳಿ ಅಭ್ಯಾಸವಿಲ್ಲ, ನನಗೆ ಕೇಳಿ ಅಭ್ಯಾಸವಿಲ್ಲ.

"ಹದಿನೈದಕ್ಕೆ ನನ್ನ ಬೀಳ್ಕೊಡುಗೆ. ಮೂವತ್ತೊಂದು ವರ್ಷ ಈ ಕಣ್ಣು ಬಿಟ್ಟು ಮಕ್ಕಳನ್ನ ಹೆದರಿಸಿದ್ದಾಯ್ತು. ಕೊನೇ ದಿನ ಆದ್ರೂ ಚೆಂದ ಕಾಣ್ಲಿ. ಅದೇನೋ ಸ್ಮೋಕಿ ಅಂತಾರಲ್ಲ, ಅದು ಬೇಕು. ಪೂರ್ತಿ ಹೊಗೆ ಹಾಕಿಸ್ಕೊಳ್ಳೋಕೆ ಮುಂಚೆ ಒಂದ್ಸಲ ಕಣ್ಣಿಗೆ ಹಾಕಿಸ್ಕೊಂಡುಬಿಡ್ತೀನಿ."

ನಕ್ಕುಬಿಟ್ಟೆ. ಬಹಳ ದಿನದ ಮೇಲೆ. ಅಷ್ಟರಲ್ಲಿ ಹಿಂದಿನಿಂದ ಮ್ಯಾನೇಜರ್: "ಇದನ್ನ ಹೊಸ ಹುಡುಗೀನೇ ಮಾಡ್ಲಿ ಮೇಡಂ. ಅವಳಿಗೂ ಒಂದು ಪರೀಕ್ಷೆ ಆಗುತ್ತೆ."

ಹೆಡ್‌ಮಿಸ್ ನನ್ನ ಮುಖ ನೋಡಿದರು. "ನೀವು ಕಲಿಸಿದ ಹುಡುಗಿ ತಾನೇ? ಸರಿ ಬಿಡಿ."

ಮಾರ್ಚ್ 11, ಮಂಗಳವಾರ

ಡೆಮೊ ಇತ್ತು. ಎಸ್ಕಲೇಟರ್ ಪಕ್ಕ ಇಪ್ಪತ್ತು ಕುರ್ಚಿ. ಬರಬೇಕಿದ್ದ ಮಾಡೆಲ್ ಬರಲಿಲ್ಲ. "ಮೇಡಂ, ನೀವೇ ಕೂತ್ಬಿಡಿ" ಎಂದರು ಮ್ಯಾನೇಜರ್. ಕೂತೆ.

ನೋಟ್‌ಬುಕ್ಕು ನನ್ನ ಗಲ್ಲ ಎತ್ತಿ ಜನರ ಕಡೆ ತಿರುಗಿಸಿದಳು. "ನೋಡಿ, ನಮ್ಮ ಅಕ್ಕನ ರೆಪ್ಪೆ ಸ್ವಲ್ಪ ಇಳಿದಿದೆ. ಇಂಥ ಕಣ್ಣನ್ನ ಮುಚ್ಚಿಸಿ ಬಣ್ಣ ಹಚ್ಚಿದ್ರೆ ತೆರೆದಾಗ ಎಲ್ಲಾ ಒಳಗೆ ಹೋಗ್ಬಿಡುತ್ತೆ. ತೆರೆಸಿಟ್ಟೇ ಅಳತೆ ನೋಡ್ಬೇಕು."

ನಾನೇ ಕಲಿಸಿದ ಮಾತು. ನನ್ನ ರೆಪ್ಪೆಯ ಮೇಲೇ. ಗುರುವಿಗೇ ತಿರುಮಂತ್ರ.

ಒಬ್ಬಾಕೆ ಫೋಟೊ ತೆಗೆದುಕೊಂಡಳು. ಎಡಗಣ್ಣು ಮಾಡಿಸಿಕೊಂಡದ್ದು, ಬಲಗಣ್ಣು ಇನ್ನೂ ಬೋಳು. ಅದೂ ಮುಗಿದಾಗ ಚಪ್ಪಾಳೆ. ಹುಡುಗಿಯ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಗೊತ್ತು. ಕೆಡುಕಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಮನೆಗೆ ಬಂದೆ. ಇವರು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರು. ದಿನವಿಡೀ ಓದಿ ಬಂದು ಮನೆಯಲ್ಲಿ ಒಂದಕ್ಷರ ಓದುವುದಿಲ್ಲ, ಅದಕ್ಕೇ ಇದನ್ನು ಬರೆಯಲು ಧೈರ್ಯ. ಕನ್ನಡಕ ಏರಿಸಿ ನೋಡಿದರು.

"ಯಾರು ಮಾಡಿದ್ದು? ಚೆನ್ನಾಗಿದೆ."

ಹದಿನೆಂಟು ವರ್ಷದಿಂದ ನಾನೇ ಮಾಡಿಕೊಂಡ ಕಣ್ಣಿನಲ್ಲಿ ಬಡಿಸುತ್ತಿದ್ದೇನೆ. ಒಂದು ದಿನವೂ ಹೀಗೆ ಅಂದದ್ದಿಲ್ಲ.

ಮಾರ್ಚ್ 14, ಶುಕ್ರವಾರ. ಐದೂವರೆ

ನೋಟ್‌ಬುಕ್ಕು ಸ್ಟಾಕ್ ರೂಮಿಗೇ ಬಂದಳು. ಪುಸ್ತಕ ತೆರೆದು, ಪೆನ್ನು ಹಿಡಿದು.

"ಅಕ್ಕಾ, ನಾಳೆ ಹೆಡ್‌ಮಿಸ್ ಬರ್ತಾರಲ್ಲ. ಅವರ ಕಣ್ಣು ನಿಮಗೆ ಗೊತ್ತಿರೋದು. ವಿಶೇಷವಾಗಿ ಏನಾದ್ರೂ ಇದ್ಯಾ? ಭಯ ಆಗ್ತಿದೆ ಅಕ್ಕಾ ನಂಗೆ."

ಲಿಪ್‌ಸ್ಟಿಕ್ ಡಬ್ಬಿ ಎಣಿಸುತ್ತಿದ್ದೆ. ತಲೆ ಎತ್ತಲಿಲ್ಲ.

"ಏನಿಲ್ಲ. ಎಲ್ಲರ ಕಣ್ಣಿನ ಹಾಗೇ."

"ಮತ್ತೆ ಒರೆಸೋದು?"

"ಟಿಶ್ಯೂ ಸಾಕು."

ಬರೆದುಕೊಂಡಳು. ಥ್ಯಾಂಕ್ಸ್ ಅಕ್ಕಾ ಎಂದಳು. ಹೋದಳು.

ಬಾಯಿ ತಪ್ಪಿ ಬಂದದ್ದು ಎಂದು ಬರೆಯಲು ಹೊರಟಿದ್ದೆ. ಅಲ್ಲ. ಮೊದಲ ಮಾತು ತಪ್ಪಿ ಬಂದಿರಬಹುದು. ಎರಡನೆಯದನ್ನು ಯೋಚಿಸಿಯೇ ಹೇಳಿದೆ.

ಮಾರ್ಚ್ 15, ಶನಿವಾರ. ಮಧ್ಯಾಹ್ನ

ಹನ್ನೊಂದಕ್ಕೆ ಬಂದರು. ಒಳಗಿನಿಂದ ನೋಡಿದೆ. ಹುಡುಗಿ ಟಿಶ್ಯೂನಲ್ಲಿ ಒತ್ತಿದಳು, ಪ್ರೈಮರ್ ಹಚ್ಚಿದಳು, ಒಣಗಲು ಬಿಟ್ಟಳು. ಬೂದು, ಅದರ ಮೇಲೆ ಕಂದು, ಹೊರಮೂಲೆಗೆ ಕಪ್ಪು. ಅಂಚು ಕಾಣುತ್ತಿರಲಿಲ್ಲ. ಹೆಡ್‌ಮಿಸ್ ಕನ್ನಡಿ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು. ಆಮೇಲೆ, "ಅಯ್ಯೋ, ಇದು ನಾನೇನಾ?"

ಆಗಲೂ ಹೇಳಬಹುದಿತ್ತು. ಇಪ್ಪತ್ತು ನಿಮಿಷದ ಕೆಲಸ. ತೆಗೆದು ಮತ್ತೆ ಮಾಡಬಹುದಿತ್ತು. ಹೆಡ್‌ಮಿಸ್ ನನ್ನನ್ನು ನೋಡಿ ಕೈ ಬೀಸಿದರು. ನಾನೂ ಬೀಸಿದೆ.

ಮಾರ್ಚ್ 17, ಸೋಮವಾರ

ಮ್ಯಾನೇಜರ್ ಫೋನಿನಲ್ಲಿ ಫೋಟೊ ತೋರಿಸಿದರು. ಶಾಲೆಯ ಯಾವುದೋ ಹುಡುಗ ಹಾಕಿದ್ದಂತೆ, ಊರೆಲ್ಲ ಸುತ್ತಿದೆ. ವೇದಿಕೆ, ಮುಖಕ್ಕೆ ಹೊಡೆಯುವ ಲೈಟು, ಮೈಕ್ ಮುಂದೆ ಹೆಡ್‌ಮಿಸ್. ಕಪ್ಪೆಲ್ಲ ಇಳಿದು ಕೆನ್ನೆಗೆ ಬಂದಿದೆ. ಮಾತಾಡುತ್ತ ಅತ್ತರಂತೆ, ಒರೆಸಿಕೊಂಡರಂತೆ, ಒರೆಸಿದಷ್ಟೂ ಹರಡಿತಂತೆ. ಮುಂದಿನ ಸಾಲಿನ ಮಕ್ಕಳು ನಗಲು ಶುರುಮಾಡಿದಾಗ ಅವರಿಗೆ ಯಾಕೆಂದು ತಿಳಿಯಲಿಲ್ಲವಂತೆ. ಭಾಷಣ ಮುಗಿಸಿಯೇ ಇಳಿದರಂತೆ. ಫೋಟೊದ ಕೆಳಗೆ 'ಪಾಂಡಾ ಮಿಸ್' ಎಂದು ಬರೆದಿದ್ದಾರೆ.

ನೋಟ್‌ಬುಕ್ಕು ಅಳುತ್ತ ಪುಸ್ತಕ ತೆರೆದು ತೋರಿಸುತ್ತಿದ್ದಳು. "ಸರ್, ಎಲ್ಲಾ ಹೇಳಿದ ಹಾಗೇ ಮಾಡಿದ್ದೀನಿ. ಬೇಕಾದ್ರೆ ಅಕ್ಕನ್ನ ಕೇಳಿ ಸರ್."

ಅಕ್ಕನನ್ನು ಯಾರೂ ಕೇಳಲಿಲ್ಲ. ಅಕ್ಕ ತಾನಾಗಿ ಹೇಳಲಿಲ್ಲ.

ಇನ್ನೊಂದು ಅವಕಾಶ ಕೊಡಿ ಸರ್ ಎಂದೆ. ಮೆಲ್ಲಗೆ. ಅವರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಹೇಳಲಿಲ್ಲ.

ಹನ್ನೆರಡರೊಳಗೆ ಅವಳ ಲಾಕರ್ ಖಾಲಿ. ಹೋಗುವಾಗ ನನ್ನ ಕೈ ಹಿಡಿದುಕೊಂಡಳು. "ನಿಮ್ಮ ಹೆಸರು ಕೆಡಿಸ್ಬಿಟ್ಟೆ ಅಕ್ಕಾ. ಬೈದುಬಿಡಿ ಒಂದ್ಸಲ."

ಏಪ್ರಿಲ್ 2, ಬುಧವಾರ

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ... ಇತ್ತು. ಬರೆಯಲಿಲ್ಲ.

ಮುಂದಿನ ಕುರ್ಚಿ ನನ್ನದೇ. ಮ್ಯಾನೇಜರ್ ಈಗ ಬೇರೆ ರಾಗ: "ಅನುಭವಕ್ಕೆ ಸಾಟಿ ಇಲ್ಲ ಮೇಡಂ." ಬೇಕಾದದ್ದು ಸಿಕ್ಕಿತು. ಹೊಟ್ಟೆಕಿಚ್ಚಿನ ಕೆಲಸ ಮುಗಿಯಿತು, ಇನ್ನು ಆರಬೇಕು. ಆರುತ್ತಿಲ್ಲ.

ಊಟದ ಹೊತ್ತಿಗೆ ಇವರು ತಮ್ಮ ಕೆಲಸದ ಮಾತು ತೆಗೆದರು. "ಅಚ್ಚಿನ ತಪ್ಪು ಹಿಡಿಯೋದು ಸುಲಭ ಕಣೇ. ಬಿಟ್ಟುಹೋದ ಪದ ಇರುತ್ತಲ್ಲ, ಅದೇ ಕಷ್ಟ. ಸಾಲು ನೋಡೋಕೆ ಸರಿಯಾಗೇ ಇರುತ್ತೆ."

ಅರ್ಧಕ್ಕೇ ಎದ್ದು ಕೈ ತೊಳೆದೆ. "ಏನಾಯ್ತೇ?" ಎಂದರು. ತಲೆನೋವು ಎಂದೆ.

ಏಪ್ರಿಲ್ 9, ಬುಧವಾರ

ಹೆಡ್‌ಮಿಸ್ ಬಂದರು. ಕೌಂಟರಿನ ಕೆಳಗೆ ಕೂತುಬಿಡಲೇ ಅನ್ನಿಸಿತು. ಬೈಯಲು ಬಂದಿರಲಿಲ್ಲ.

"ಆ ಹುಡುಗಿ ಎಲ್ಲಿ?"

"ಬಿಟ್ಟು ಹೋದ್ಲು ಮೇಡಂ."

"ಬಿಟ್ಲಾ, ಬಿಡಿಸಿದ್ರಾ?"

ಕೌಂಟರಿನ ಗಾಜು ಒರೆಸತೊಡಗಿದೆ. ಮೂವತ್ತೊಂದು ವರ್ಷ ಮಕ್ಕಳ ಬಾಯಿ ಬಿಡಿಸಿದ ಹೆಂಗಸು. ಅರ್ಥವಾಯಿತು.

"ಒಂದು ಲೆಕ್ಕ ತಪ್ಪಿದ್ರೆ ಮಗೂನ ಶಾಲೆಯಿಂದಲೇ ಓಡಿಸ್ತಾರೇನ್ರೀ? ಶನಿವಾರ ಶಾಲೆ ಗೋಡೆಗೆ ಹಾಕೋಕೆ ನನ್ನ ಫೋಟೊ ತೆಗೀತಾರೆ. ಅವಳೇ ಮಾಡ್ಬೇಕು. ಮನೆಗೆ ಕರೆಸಿ. ನೀವೂ ಬನ್ನಿ, ಪಕ್ಕದಲ್ಲಿದ್ರೆ ಅವಳಿಗೂ ಧೈರ್ಯ."

ನಂಬರ್ ಕೊಟ್ಟೆ. ಕೊಡದಿರಲು ಯಾವ ನೆಪವೂ ಹೊಳೆಯಲಿಲ್ಲ.

ಏಪ್ರಿಲ್ 12, ಶನಿವಾರ. ಸಂಜೆ

ಹೆಡ್‌ಮಿಸ್ ಮನೆಯ ಊಟದ ಮೇಜು, ಕಿಟಕಿಯ ಬೆಳಕು. ನೋಟ್‌ಬುಕ್ಕು ಇಳಿದುಹೋಗಿದ್ದಾಳೆ. ಮೂರು ಕಡೆ ಕೆಲಸ ಕೇಳಿದಳಂತೆ, ಮೂರು ಕಡೆಯೂ ಆ ಫೋಟೊ ಅವಳಿಗಿಂತ ಮುಂಚೆ ಹೋಗಿತ್ತಂತೆ. ನನ್ನನ್ನು ನೋಡಿ ಮುಖವರಳಿತು. "ನೀವು ಬಂದದ್ದು ಒಳ್ಳೇದಾಯ್ತು ಅಕ್ಕಾ."

ಟಿಶ್ಯೂ ತೆಗೆದಳು. ಹೇಳಬೇಕು, ಈಗ ಹೇಳಬೇಕು... ಅಷ್ಟರಲ್ಲಿ ಹೆಡ್‌ಮಿಸ್, ಕಣ್ಣು ಮುಚ್ಚಿಕೊಂಡೇ:

"ಟಿಶ್ಯೂ ಸಾಲದಮ್ಮ, ಹೋದ್ಸಲ ಹೇಳೋದು ನನಗೂ ಹೊಳೀಲಿಲ್ಲ. ಬೆಳಗ್ಗೆ ಮುಲಾಮು ಹಚ್ಚಿದ್ದೀನಿ. ಇವರು ಯಾವಾಗ್ಲೂ ನೀರಿನ ಥರದ್ದರಲ್ಲಿ ಎರಡು ಸಲ ಒರೆಸ್ತಾರೆ. ಅಲ್ವೇನ್ರೀ? ಹನ್ನೆರಡು ವರ್ಷದಿಂದ."

ಹುಡುಗಿಯ ಕೈ ನಿಂತಿತು. ತಿರುಗಿ ನನ್ನನ್ನು ನೋಡಿದಳು. ಬೀದಿಯಲ್ಲಿ ಒಂದು ಸ್ಕೂಟರ್ ಸ್ಟಾರ್ಟ್ ಆಗದೆ ಒದ್ದಾಡುತ್ತಿತ್ತು, ಕೊನೆಗೆ ಸ್ಟಾರ್ಟ್ ಆಗಿ ಹೋಯಿತು. ಆಗಲೂ ನೋಡುತ್ತಲೇ ಇದ್ದಳು.

"ಹೌದು" ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

ಅವಳು ಟಿಶ್ಯೂ ಕೆಳಗಿಟ್ಟಳು. ಬ್ಯಾಗಿನಿಂದ ಬಾಟಲಿ ತೆಗೆದಳು. ಎರಡು ಸಲ ಒರೆಸಿದಳು. ಆಮೇಲೆ ಮೂರನೆಯ ಸಲ. ಪೆನ್ಸಿಲ್, ಸವರು, ಪುಡಿ, ಒತ್ತು. ಹುಬ್ಬಿನ ಕಡೆಗೆ ಬಣ್ಣ ತೆಳುವಾಗುತ್ತ ಹೋದದ್ದನ್ನು ನೋಡಿದೆ. ನನಗೆ ಹಾಗೆ ಬರುವುದಿಲ್ಲ. ಎಂದೂ ಬಂದಿರಲಿಲ್ಲ. ಇದನ್ನು ನಾನು ಕಲಿಸಿಲ್ಲ.

ಹೆಡ್‌ಮಿಸ್ ಕನ್ನಡಿ ನೋಡಿ, "ಈ ಸಲ ನಿಲ್ಲುತ್ತಾ?" ಎಂದರು.

"ನಿಲ್ಲುತ್ತೆ ಮೇಡಂ. ಹೋದ್ಸಲ ನನಗೊಂದು ವಿಷಯ ಗೊತ್ತಿರ್ಲಿಲ್ಲ." ಅಷ್ಟೇ ಹೇಳಿದಳು. ನನ್ನ ಹೆಸರೆತ್ತಲಿಲ್ಲ.

ಗೇಟಿನ ಹತ್ತಿರ ಹಿಂದೆಯೇ ಹೋದೆ. "ನೋಡು, ಮ್ಯಾನೇಜರ್ ಹತ್ರ ಮಾತಾಡ್ತೀನಿ. ನಾನೇ ಹೇಳ್ತೀನಿ..."

ಬ್ಯಾಗ್ ಹೆಗಲಿಗೇರಿಸಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ಬರ್ತೀನಿ ಮೇಡಂ."

ಐದು ತಿಂಗಳು ದಿನಕ್ಕೆ ನೂರು ಸಲ ಅಕ್ಕಾ ಅಕ್ಕಾ ಎಂದು ತಲೆ ತಿಂದವಳು.

ಏಪ್ರಿಲ್ 14, ಸೋಮವಾರ. ಬೆಳಗ್ಗೆ ಒಂಬತ್ತೂ ಮುಕ್ಕಾಲು

ಹತ್ತಕ್ಕೆ ಅಂಗಡಿ ತೆರೆಯುತ್ತದೆ. ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಲೈಟು ಹತ್ತಿದೆ. ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೇಳಿದರೆ ಸ್ಟಾಕ್ ರೂಮೂ ಉಳಿಯುವುದಿಲ್ಲ. ಹೇಳಿದರೂ ಅವಳು ಬರುತ್ತಾಳೆಂದಿಲ್ಲ. ಬಂದರೂ... ಅದು ಬೇರೆ.

ಎಲ್ಲಿಂದ ಶುರುಮಾಡುವುದು? ಸರ್, ಆ ಹುಡುಗಿ ಶುಕ್ರವಾರವೇ ಬಂದು ನನ್ನನ್ನು ಕೇಳಿದ್ದಳು. ನಾನು—

ಮ್ಯಾನೇಜರ್ ಬಾಗಿಲು ತೆರೆದರು. "ಏನ್ ಮೇಡಂ, ಇಷ್ಟು ಬೇಗ?"