ಅತ್ತೆ ಕಡಲು ನೋಡಿದ್ದು

ಮಂಡ್ಯ
೧೨–೩–೧೯೪೬

ಪ್ರೀತಿಯ ಗೋದಾ,

ನಿನ್ನ ಎರಡು ಕಾಗದಗಳೂ ಕೈಸೇರಿ ಬಹಳ ಕಾಲವಾಯಿತು. ಉತ್ತರ ಬರೆಯದೆ ಕೂತ ನನ್ನ ಮೇಲೆ ನಿನಗೆ ಕೋಪ ಬಂದಿದ್ದರೆ ಅದು ನ್ಯಾಯವೇ. ಮದ್ದೂರಿನ ಶಾಲೆಯಲ್ಲಿದ್ದಾಗ ಸಿಟ್ಟು ಬಂದರೆ ನನ್ನ ಜಡೆ ಹಿಡಿದು ಎಳೆಯುತ್ತಿದ್ದೆ. ತಿಪಟೂರಿನಿಂದ ನಿನ್ನ ಕೈ ಇಲ್ಲಿಯವರೆಗೆ ಚಾಚುವುದಿಲ್ಲ ಎಂಬುದೊಂದೇ ನನ್ನ ಧೈರ್ಯ. ನಿಮ್ಮ ಯಜಮಾನರ ಕೆಮ್ಮು ವಾಸಿಯಾಯಿತೆಂದು ತಿಳಿದು ಸಮಾಧಾನವಾಯಿತು. ಪುಟ್ಟ ಕಸ್ತೂರಿರಂಗ ಈಗ ಗೋಡೆ ಹಿಡಿಯದೆ ನಡೆಯುತ್ತಾನೆಯೇ?

ನಾನು ಸಮುದ್ರ ನೋಡಿ ಬಂದೆ, ಗೋದಾ. ಬಂದು ವಾರವಾದರೂ ಒಲೆಯ ಮುಂದೆ ಕೂತಾಗ, ಬಾವಿಯಲ್ಲಿ ನೀರು ಸೇದುವಾಗ, ಅದರ ಸದ್ದು ಕಿವಿಯಲ್ಲೇ ಇದೆ. ಯಾರಿಗಾದರೂ ಹೇಳದಿದ್ದರೆ ಆಗುವುದಿಲ್ಲ.

ನಮ್ಮವರು ರಿಪೇರಿ ನೋಡಿಕೊಳ್ಳುವ ಲಾರಿಯೊಂದು ಬೆಲ್ಲ ಹೇರಿಕೊಂಡು ಮಂಗಳೂರಿಗೆ ಹೋಗಿ, ಬರುವಾಗ ಹೆಂಚು ತರುವುದಿತ್ತು. ಪೆಟ್ರೋಲು ಸಿಗದ ಈ ದಿನಗಳಲ್ಲಿ ಅದು ಇದ್ದಿಲ ಗ್ಯಾಸಿನಿಂದ ಓಡುವ ಗಾಡಿ. ಮೆಕ್ಯಾನಿಕ್ ಜೊತೆಯಲ್ಲಿಲ್ಲದೆ ಘಾಟಿ ದಾಟುವುದಿಲ್ಲ. ಹಾಗಾಗಿ ಇವರೂ ಹೊರಟರು. ಡ್ರೈವರು ಇವರ ಚಿಕ್ಕಪ್ಪನ ಮಗ ಮೆಹಬೂಬ್ ಪಾಷಾ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಮ್ಮ ಅತ್ತೆ ಜೈನಾಬ್ ಬೀ ಎದ್ದು ನಿಂತರು. ಅವರು ಹಲಗೂರಿನಲ್ಲಿ ಬೆಳೆದವರು, ಅವರ ಮಾತಿನ ವರಸೆ ನಿನಗೆ ಗೊತ್ತೇ ಇದೆ.

“ಲೇ ಗಫಾರ, ನಾನೂ ಬತ್ತೀನಿ ಕಣ್ಲಾ.”

“ಅಮ್ಮಾ, ಲಾರಿ ಅಂದ್ರೆ ಜಟಕಾ ಅಂದ್ಕಂಡ್ಯಾ? ಗಂಡಸ್ರಿಗೇ ಸೊಂಟ ಬಿದ್ದೋಯ್ತದೆ.”

“ಬೆಲ್ಲ ಓಯ್ತದೆ, ನಾನು ಓಗಾಕಿಲ್ವಾ? ನಿಮ್ಮಪ್ಪನ್ನ ನೋಡ್ಬೇಕು. ನಿನ್ನೆಂಡ್ರು ಸಮೀಮೂ ಬರ್ಲಿ.”

ಇವರು ನಮ್ಮಿಬ್ಬರಿಗೂ ಲಾರಿಯಲ್ಲಿ ಜಾಗ ಮಾಡಿದರು. ನಮ್ಮ ಮಾವನ ವಿಷಯ ನಿನಗೆ ಹೇಳಿದ್ದೇನೋ ಇಲ್ಲವೋ. ಇವರಿನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಮಾವ ಹಜ್ಜಿಗೆಂದು ಬೊಂಬಾಯಿಯಲ್ಲಿ ಹಡಗು ಹತ್ತಿದರು. ಮಕ್ಕಾ ಮುಟ್ಟಲಿಲ್ಲ. ಹಡಗಿನಲ್ಲೇ ಕಾಯಿಲೆಯಾಗಿ ತೀರಿಕೊಂಡರು. ಜೊತೆಯವರು ನಮಾಜು ಮಾಡಿ ನೀರಿಗೆ ಬಿಟ್ಟರಂತೆ. ಷಬೇಬರಾತ್ ಬಂದರೆ ಊರವರೆಲ್ಲ ತಮ್ಮ ತಮ್ಮವರ ಗೋರಿಗೆ ಹೂವು, ಊದುಬತ್ತಿ ಕಳಿಸುತ್ತಾರೆ. ಅತ್ತೆಗೆ ಹೂವು ಎಲ್ಲಿಗೆ ಕಳಿಸಬೇಕೆಂದೇ ತಿಳಿಯುತ್ತಿರಲಿಲ್ಲ. ಅವತ್ತು ಅವರು ಹೊಸ್ತಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು.

ದಾರಿಯ ಪಾಡು ಬರೆಯುವುದಿಲ್ಲ. ಮಡಿಕೇರಿ ಇಳಿಯುವ ಹೊತ್ತಿಗೆ ಅತ್ತೆಯ ಮುಖವೂ ನನ್ನ ಮುಖವೂ ಇದ್ದಿಲ ಮಸಿಯಿಂದ ಕಪ್ಪಾಗಿತ್ತು. ಮಂಗಳೂರಿನಲ್ಲಿ ಬೆಲ್ಲ ಇಳಿಸಿದ ಮೇಲೆ, ಹೆಂಚು ಇನ್ನೂ ಗೂಡಿನಲ್ಲಿ ಬೇಯುತ್ತಿದೆ, ಸ್ವಲ್ಪ ದಿನ ಕಾಯಬೇಕು ಎಂದರು. ಮೆಹಬೂಬ್ ಪಾಷಾ ಲಾರಿಯನ್ನು ಊರಾಚೆ ಬೆಸ್ತರ ಹಟ್ಟಿಯೊಂದರ ಪಕ್ಕದ ತೆಂಗಿನ ತೋಪಿಗೆ ಓಡಿಸಿದ. ಲಾರಿಯ ಪಕ್ಕಕ್ಕೂ ಎರಡು ತೆಂಗಿನ ಮರಕ್ಕೂ ಟಾರ್ಪಾಲು ಬಿಗಿದು ಗುಡಾರ ಮಾಡಿದರು. ಮರಳಿನ ದಿಬ್ಬ ಅಡ್ಡವಿದ್ದದ್ದರಿಂದ ಇನ್ನೂ ಏನೂ ಕಾಣುತ್ತಿರಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು. ಅತ್ತೆ ತಲೆಯೆತ್ತಿ, “ಇಲ್ಲೂ ಸಕ್ರೆ ಪ್ಯಾಕ್ಟ್ರಿ ಐತಾ?” ಎಂದು ಕೇಳಿದರು. ನಮ್ಮ ಮನೆಗೆ ಹಗಲಿರುಳೂ ಕೇಳುವ ದೊಡ್ಡ ಸದ್ದು ಅದೊಂದೇ ಅಲ್ಲವೇ?

“ಅಲ್ಲಮ್ಮ, ಅದೇ ಕಡಲು,” ಅಂದರು ಇವರು.

ದಿಬ್ಬ ಹತ್ತಿದೆವು.

ಹೇಗೆ ಬರೆಯಲಿ? ಕನ್ನಂಬಾಡಿ ಕಟ್ಟೆ ನೋಡಲು ಹೋದಾಗ, ಇಷ್ಟು ನೀರು ಲೋಕದಲ್ಲಿದೆಯೇ ಎಂದು ನಾವಿಬ್ಬರೂ ಬಾಯಿಬಿಟ್ಟು ನಿಂತಿದ್ದೆವು. ಅಲ್ಲಿ ಆಚೆ ದಡವಿತ್ತು, ಗುಡ್ಡವಿತ್ತು. ಇಲ್ಲಿ ಕಣ್ಣು ಓಡುತ್ತದೆ, ಓಡುತ್ತದೆ, ನಿಲ್ಲುವುದಕ್ಕೆ ಜಾಗ ಸಿಗುವುದಿಲ್ಲ. ಕೊನೆಗೆ ಆಕಾಶವೇ ಬಾಗಿ ಅದನ್ನು ಹಿಡಿದುಕೊಂಡಿದೆ. ನೀರು ಸುಮ್ಮನೆ ಬಿದ್ದಿರುವುದಿಲ್ಲ, ಗೋದಾ. ಎದ್ದು ಬರುತ್ತದೆ, ನಮ್ಮನ್ನು ಕಂಡು ಏನೋ ನೆನಪಾದ ಹಾಗೆ ಹಿಂದಕ್ಕೆ ಹೋಗುತ್ತದೆ. ಇಷ್ಟು ದೊಡ್ಡದೊಂದು ಯಾವಾಗಲೂ ಇಲ್ಲಿತ್ತು, ನಾನು ಮಂಡ್ಯದಲ್ಲಿ ಬೇಳೆ ಆರಿಸುತ್ತಾ ಕೂತಿದ್ದೆ.

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಆಮೇಲೆ ಮಗನನ್ನು ಕೇಳಿದರು: “ಆಚೆ ದಡದಾಗೆ ಏನೈತ್ಲಾ?”

“ಅರಬ್‌ಸ್ತಾನ.”

“ಮಕ್ಕಾನಾ?”

“ಹೂಂ. ಆ ಕಡೇನೇ.”

ಇಳಿಹೊತ್ತಿನ ಅಸರ್ ನಮಾಜಿನ ಸಮಯವಾಗಿತ್ತು. ಇವರೂ ಮೆಹಬೂಬನೂ ಮರಳಿನ ಮೇಲೆ ಬಟ್ಟೆ ಹಾಸಿ ಪಡುವಣಕ್ಕೆ ನಿಂತರು. ಹಿಂದೆ ಅತ್ತೆ, ನಾನು. ನಾವು ಹುಟ್ಟಿದಾಗಿನಿಂದ ನಮಾಜು ಮಾಡಿರುವುದು ಯಾವುದಾದರೊಂದು ಗೋಡೆಯ ಕಡೆಗೆ. ಅಡುಗೆಮನೆ ಗೋಡೆಯೋ, ಪಕ್ಕದವರ ಕೊಟ್ಟಿಗೆ ಗೋಡೆಯೋ. ಇಲ್ಲಿ ನಮ್ಮ ಹಣೆಗೂ ಆ ಊರಿಗೂ ನಡುವೆ ನೀರು ಬಿಟ್ಟರೆ ಏನೂ ಇರಲಿಲ್ಲ. ಬಾಗಿ ಹಣೆ ನೆಲಕ್ಕಿಟ್ಟು ಸಜ್ದಾ ಮಾಡಿದಾಗ ನೆಲ ಸಣ್ಣಗೆ ಅದುರುವುದು ಹಣೆಗೆ ತಾಕಿತು. ನನ್ನ ಎದೆಯೇ ಹೊಡೆದುಕೊಳ್ಳುತ್ತಿದೆ ಅಂದುಕೊಂಡೆ. ಅಲ್ಲ, ಅಲೆ.

ನಮಾಜು ಮುಗಿದ ಮೇಲೆ ಅತ್ತೆ ಸೆರಗಿನ ಗಂಟು ಬಿಚ್ಚಿದರು. ಒಳಗೆ ಹಲಗೂರಿನ ಮಣ್ಣು. ನಮ್ಮವರ ಕೈಗೆ ಸುರಿದು, “ನಿಮ್ಮಪ್ಪಂಗೆ ಮಣ್ಣು ಕೊಡಪ್ಪ. ಅವತ್ತು ನೀನು ಕೂಸು,” ಎಂದರು. ಇವರು ಮೊಣಕಾಲವರೆಗೆ ನೀರಿಗಿಳಿದು, ಗೋರಿಗೆ ಹಾಕುವ ಹಾಗೆ ಮೂರು ಸಲ ಹಾಕಿದರು. ಎಂಜಿನ್ನು ಬೆರಳು ಜಜ್ಜಿದರೂ ಉಸಿರೆತ್ತದ ಮನುಷ್ಯ. ಹಿಂದಿರುಗಿ ಬಂದಾಗ ಗಡ್ಡವೆಲ್ಲ ಒದ್ದೆಯಾಗಿತ್ತು. ಅಲೆ ಅಷ್ಟು ಎತ್ತರ ಬಂದಿರಲಿಲ್ಲ.

ಅತ್ತೆ ಮಾತ್ರ ಅಳಲಿಲ್ಲ. “ನಾನು ಇಷ್ಟ್ ದಿನ ಅವರ್ಗೆ ಗೋರಿ ಇಲ್ಲ ಅಂತಿದ್ದೆ. ದೊರೆಗಳ್ಗೂ ಇಂತಾದ್ದು ಇಲ್ಲ ಬುಡು,” ಅಂದರು.

ಹೆಂಚು ಬರುವ ತನಕ ಅಲ್ಲೇ ಇದ್ದೆವು. ಮೂರು ಕಲ್ಲು ಹೂಡಿ ಮುದ್ದೆ ತೊಳಸಿದೆ. ಹಟ್ಟಿಯ ಮುದುಕಿಯೊಬ್ಬಳು ಮೀನು ತಂದುಕೊಟ್ಟಳು. ಅವಳ ತುಳು ನಮಗೆ ತಿಳಿಯದು, ಅತ್ತೆಯ ಮಾತು ಅವಳಿಗೆ ತಿಳಿಯದು. ಆದರೂ ಇಬ್ಬರೂ ಎಲೆಯಡಿಕೆ ಮೆಲ್ಲುತ್ತಾ ಸಂಜೆಯೆಲ್ಲ ಹರಟಿದರು. ಮುದ್ದೆಯ ತುಂಬ ಮರಳು. ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ನುಂಗುವುದು, ಹಾಗಾಗಿ ಯಾರೂ ದೂರಲಿಲ್ಲ. ಒಂದು ಬೆಳಗ್ಗೆ ಎದ್ದರೆ ಒಲೆಯ ಕಲ್ಲುಗಳೇ ಇಲ್ಲ, ಅಲ್ಲಿ ಮರಳು ನುಣ್ಣಗೆ ಮಲಗಿದೆ. ಅತ್ತೆ ನಕ್ಕು, “ನಮ್ಮನ್ನ ಮಾತಾಡಿಸ್ಕಂಡ್ ಓಗೈತೆ ಕಣಮ್ಮಿ,” ಎಂದರು. ಅವರು ನಕ್ಕದ್ದನ್ನು ನೋಡಿ ಯಾವ ಕಾಲವಾಗಿತ್ತೋ.

ಈಗ ಅವರು ಹಗುರಾಗಿದ್ದಾರೆ. ಬೀದಿಯವರನ್ನೆಲ್ಲ ಕೂರಿಸಿಕೊಂಡು ಕಡಲಿನ ವರ್ಣನೆ ಮಾಡುತ್ತಾರೆ. ಯಲಿಯೂರಿನಿಂದ ಮೊಸರು ತರುವ ಚಿಕ್ಕಬೋರಮ್ಮ, “ಇವಮ್ಮ ಸುಳ್ಳೇಳ್ತದೆ, ಆಚೆ ದಡ ಇಲ್ದಿರೋ ನೀರು ಎಲ್ಲಾರ ಉಂಟಾ?” ಎಂದು ಹೋದಳು.

ನಿನ್ನ ಮನೆ ತಣ್ಣಗಿರಲಿ. ಕಸ್ತೂರಿರಂಗನ ಕೆನ್ನೆಗೆ ಈ ಶಮೀಮ್ ಅತ್ತೆಯ ಮುತ್ತು. ನಿಮ್ಮ ಯಜಮಾನರಿಗೆ ನಮ್ಮವರ ಸಲಾಮು ತಿಳಿಸು.

ನಿನ್ನ ಗೆಳತಿ,
ಶಮೀಮ್ ಬಾನು

ಇನ್ನೊಂದು ಮಾತು: ಎರಡು ಕಾಗದದಲ್ಲೂ, ನನ್ನ ಮಗಳನ್ನು ಶಾಲೆಗೆ ಹಾಕಿದೆಯಾ ಎಂದು ಕೇಳಿದ್ದೀಯೆ. ದಸರಾ ಕಳೆದ ಮೇಲೆ ನಾನು ಬಟ್ಟೆ ಒಗೆಯುತ್ತಿರುವಾಗ ಅವಳು ನಾಲೆಗೆ ಜಾರಿದಳು, ಗೋದಾ. ನಾನು ಅಲ್ಲೇ ಇದ್ದೆ. ನೀರು ಜೋರಾಗಿತ್ತು. ತೂಬಿನಿಂದ ತೂಬಿಗೆ ಹುಡುಕಿದರು, ಸಿಗಲಿಲ್ಲ. ಅಂದಿನಿಂದ ನಾನು ಅವಳ ಹೆಸರು ಎತ್ತಿರಲಿಲ್ಲ, ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕಡಲ ದಂಡೆಯಿಂದ ಹೊರಡುವ ದಿನ ಬೆಳಗ್ಗೆ ಅತ್ತೆ ನನ್ನ ಕೈ ಹಿಡಿದು ನೀರಿನವರೆಗೆ ಕರೆದುಕೊಂಡು ಹೋದರು. “ನಾನು ಬಂದಿದ್ದು ನನಗೋಸ್ಕರ ಒಂದೇ ಅಲ್ಲ ಕಣಮ್ಮಿ. ಎಲ್ಲಾ ನೀರೂ ಕೊನೆಗೆ ಇಲ್ಲಿಗೇ ಬತ್ತದಂತೆ. ನಿನ್ ಮಗೀನ ಕರಿ,” ಎಂದರು. ನಾನು ಇನ್ನೆರಡು ಹೆಜ್ಜೆ ನೀರಿಗಿಳಿದೆ. ಆಮೇಲೆ ಕರೆದೆ. ಅಜೀಜಾ ಎಂದು, ಆಟ ಬಿಟ್ಟು ಊಟಕ್ಕೆ ಬಾ ಎಂದು ಕರೆಯುತ್ತಿದ್ದ ಹಾಗೆ, ಜೋರಾಗಿ ಕರೆದೆ.