ಡಾಕ್ಟರ ಒಂದು ಬೂಟು

ಕೊಲರಾಡೊ ಬೆಟ್ಟದ ಮರದ ಮನೆ
ಏಪ್ರಿಲ್ 2016

ಟೆಕ್ಸಾಸ್‌ನ ಫ್ಲವರ್ ಮೌಂಡ್ ಊರಿನ ಜ್ಯೋತ್ಸ್ನಾ ಅಮ್ಮಾವ್ರಿಗೆ ಅಡುಗೆ ಶೇಷಪ್ಪನ ನಮಸ್ಕಾರ.

ನಾವು ಮೂರೂ ಜನ ಚೆನ್ನಾಗಿದೀವಿ. ಹಿಮ ಬಿಡದೆ ಸುರೀತಿದೆ, ಹೆದ್ದಾರಿ ಮುಚ್ಚಿದಾರೆ, ಬರೋದು ಎರಡು ದಿನ ತಡ. ಶನಿವಾರದ ಸೀಮಂತದ ಅಡುಗೆಗೆ ಬೇರೆಯವ್ರನ್ನ ನೋಡ್ಕೊಳ್ಳಿ. ಇಲ್ಲಿ ಫೋನ್ ಸಿಗಲ್ಲ. ಕೆಳಗಿನೂರಿಗೆ ಹೋಗೋವ್ರು ಈ ಕಾಗದದ ಫೋಟೋ ನಿಮಗೆ ಕಳಿಸ್ತಾರಂತೆ.

ಬೆಳಿಗ್ಗೆ ನಿಮ್ಮ ಯಜಮಾನ್ರು, ನಮ್ಮ ಡಾಕ್ಟರು, ಎದುರಿನ ಇಳಿಜಾರು ದಾಟಿ ಬೆಟ್ಟದ ತುದೀಲಿ ಫೋಟೋ ತೆಗೆಸ್ಕೋಬೇಕು ಅಂತ ಹಟ ಹಿಡಿದ್ರು. "ನಿನ್ನೆ ನಾಲ್ಕು ಜನ ದಾಟಿದಾರೆ ಕಣೋ!" ನಿಮ್ಮ ತಮ್ಮ ಸುಹಾಸು ಹಿಮ ಗಟ್ಟಿಯಿದ್ಯಾ ಅಂತ ಇಳಿಜಾರಿನ ಅಂಚಲ್ಲಿ ಗುಂಡಿ ತೋಡಿ ನೋಡಿದ್ರು. ಮೇಲೆ ರಾತ್ರಿ ಬಿದ್ದ ಹಿಮ ಎರಡಡಿ, ಹಲಗೆಯಂಗೆ. ಅಡೀಲಿ ಹಳೇದು, ಸಕ್ಕರೆಯಂಗೆ ಪುಡಿಪುಡಿ. ಆ ಪುಡೀಲಿ ನಾನು ಉಂಡೆ ಕಟ್ಟಕ್ಕೆ ನೋಡ್ದೆ. ಮೂವತ್ತು ವರ್ಷ ರವೆ ಉಂಡೆ ಕಟ್ಟಿರೋ ಕೈ ಅಮ್ಮಾ, ಆದ್ರೂ ಉಂಡೆ ನಿಲ್ಲಲಿಲ್ಲ. ಸುಹಾಸು ಸಲಿಕೆ ಇಟ್ಟು ಮೂರು ಸಲ ತಟ್ಟಿದ್ರು, ಮೇಲಿನ ಹಲಗೆ ಜಾರಿ ಅವರ ಮಂಡಿಗೇ ಬಿತ್ತು.

ಮನೆಗೆ ವಾಪಸ್ ಬಂದು "ಬೇಡ ಭಾವ" ಅಂದ್ರು.

"ನಾನೊಬ್ನೇ ಹೋಗ್ತೀನಿ" ಅಂದ್ರು ಡಾಕ್ಟರು.

ನಾನು ಅಡುಗೆಮನೆಗೆ ಹೋದೆ. ಅವರದೊಂದು ಬೂಟು ದೊಡ್ಡ ಕುಕ್ಕರಲ್ಲಿಟ್ಟು ಮುಚ್ಚಿ, ಉಪ್ಪಿಟ್ಟು ತಿರುವಕ್ಕೆ ನಿಂತೆ. ಡಾಕ್ಟರು ಬೂಟು ಹುಡುಕಿ ಹುಡುಕಿ, ನಮ್ಮಿಬ್ಬರನ್ನೂ ಬೈದು, ಕೊನೆಗೆ ತಿನ್ನಕ್ಕೆ ಕೂತ್ರು. ಅಷ್ಟರಲ್ಲಿ ಗುಡುಗಿದಂಗಾಯ್ತು. ಆ ಇಳಿಜಾರು ಪೂರ್ತಿ ಕಿತ್ಕೊಂಡು ಕೆಳಗೆ ಹೋಯ್ತು.

ಡಾಕ್ಟರು ಎದ್ದು ಕಿಟಕೀಲಿ ನೋಡಿ ಬಂದು ತಟ್ಟೆ ಚಾಚಿದ್ರು. ಉಪ್ಪಿಟ್ಟು ಕಂಡ್ರೆ ಮೂಗು ಮುರಿಯೋವ್ರು ಇನ್ನೊಂದು ಸೌಟು ಹಾಕಿಸ್ಕೊಂಡ್ರು. ಆಮೇಲೆ, "ಶೇಷಪ್ಪ, ಮಧ್ಯಾಹ್ನ ಅನ್ನಕ್ಕಿಡೋ ಮುಂಚೆ ಕುಕ್ಕರ್ ಸರಿಯಾಗಿ ತೊಳಿಯಪ್ಪ" ಅಂದ್ರು.

ಮನೆಗೆ ಬಂದಾಗ ತುದಿ ಫೋಟೋ ಎಲ್ಲಿ ಅಂತ ಮಾತ್ರ ಕೇಳ್ಬೇಡಿ.

ಕುಕ್ಕರ್ ಎರಡು ಸಲ ತೊಳೆದಿರೋ
ಶೇಷಪ್ಪ